ಬೆತ್ತದಕ್ಕನ ತೊಂಬತ್ತನಾಲ್ಕು ಹಾಡುಗಳು

“ಇದರ ಮೇಲೆ ಕೂತಿದ್ದು ಮನುಷ್ಯನೋ, ಬೀರುವೋ?”

ಬೆಳಗಿನ ಐದೂವರೆ. ಪ್ರಶ್ನೆ ಯಾರಿಗೂ ಅಲ್ಲ. ನಡುವೆ ಹರಿದು ಜೋತುಬಿದ್ದ ಕುರ್ಚಿಯೊಂದನ್ನು ತಲೆಕೆಳಗು ಮಾಡಿಕೊಂಡು ಬೆತ್ತದಕ್ಕ ಹಳೆಯ ಎಳೆಗಳನ್ನು ಕತ್ತರಿಸುತ್ತಿದ್ದಾರೆ. ಪಕ್ಕದ ಬಕೆಟ್ಟಿನಲ್ಲಿ ಹೊಸ ಬೆತ್ತದ ಸೀಳುಗಳು ನೆನೆಯುತ್ತಿವೆ. ಬೆತ್ತ ನೆನೆಯದೆ ಬಾಗುವುದಿಲ್ಲ. ಹೆಚ್ಚು ನೆನೆದರೆ ನಾರುನಾರಾಗುತ್ತದೆ. ಅವರು ಗಡಿಯಾರ ನೋಡುವುದಿಲ್ಲ; ಒಂದು ಸೀಳನ್ನು ಎತ್ತಿ ಬೆರಳಿಗೆ ಸುತ್ತಿ ನೋಡುತ್ತಾರೆ. ಸುತ್ತಿಕೊಂಡರೆ ಕೆಲಸ ಶುರು. ಜೊತೆಗೆ ಗುನುಗೂ ಶುರು.

ಅರವತ್ತೊಂದರ ಈ ಹೆಂಗಸು ಕುರ್ಚಿ ಹೆಣೆಯುವವರೆಂದು ಊರಿಗೆಲ್ಲ ಗೊತ್ತು. ಹಾಡು ಕಟ್ಟುವವರೆಂದು ಗೊತ್ತಿರುವುದು ಹನ್ನೊಂದು ಜನಕ್ಕೆ. ಆ ಹನ್ನೊಂದು ಜನ ಪ್ರತಿ ಭಾನುವಾರ ಬೆಳಿಗ್ಗೆ ಈ ಅಂಗಡಿಗೆ ಬರುತ್ತಾರೆ. ಇಪ್ಪತ್ತು ಕುರ್ಚಿಗಳಿರುವ ಅಂಗಡಿಯಲ್ಲಿ ಅವರೆಲ್ಲ ಕೂರುವುದು ನೆಲದ ಮೇಲೆ, ಏಕೆಂದರೆ ಒಂದು ಕುರ್ಚಿಗೂ ಪೂರ್ತಿ ತಳವಿಲ್ಲ.

ಒಂದು ಕುರ್ಚಿಯ ಚೌಕಟ್ಟಿಗೆ ಎಪ್ಪತ್ತೆರಡು ತೂತು. ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಎರಡು, ಓರೆಗೆ ಎರಡು. ಒಂದೂವರೆ ದಿನದ ಕೆಲಸ. “ಮೊದಲ ನಾಲ್ಕು ಸುತ್ತು ಸಡಿಲ,” ಎನ್ನುತ್ತಾರೆ ಅಕ್ಕ. “ಹಾಡೂ ಅಷ್ಟೇ, ಮಾತು ಎಲ್ಲೆಲ್ಲೋ ಜೋಲಾಡ್ತಿರುತ್ತೆ. ಓರೆ ಎಳೆ ಬಂತು ನೋಡಿ, ಆಗ ಎರಡೂ ಬಿಗಿಯಾಗುತ್ತೆ. ಯಾವುದು ಯಾವುದನ್ನ ಎಳೀತು ಅಂತ ಕೇಳ್ಬೇಡಿ, ನಂಗೂ ಗೊತ್ತಿಲ್ಲ.”

ಅವರು ಹಾಡು ಬರೆದಿಡುವುದಿಲ್ಲ. ಒಂದು ಹಾಡು ಮುಗಿದರೆ ಉಳಿದ ಬೆತ್ತದ ತುಂಡನ್ನು ಉಂಗುರದಂತೆ ಸುತ್ತಿ ಗೋಡೆಯ ಮೊಳೆಗೆ ತಗುಲಿಸುತ್ತಾರೆ. ಈಗ ತೊಂಬತ್ತನಾಲ್ಕು ಉಂಗುರಗಳಿವೆ. ಯಾವುದನ್ನು ಮುಟ್ಟಿದರೂ ಆ ಹಾಡು ಮೊದಲಿಂದ ಕೊನೆಯವರೆಗೆ ಬರುತ್ತದೆ. ಅವರ ಬಗ್ಗೆ ಬರೆಯಲು ಬಂದಿದ್ದ ನಾನು ಬೇಕೆಂದೇ ನಡುವಿನದೊಂದನ್ನು ತೋರಿಸಿದೆ. ಕೈಯ ಕೆಲಸ ನಿಲ್ಲಲಿಲ್ಲ, ಹಾಡು ಬಂತು:

ಕೂತೆದ್ದು ಹೋದವರ ಬಿಸುಪಿನ್ನೂ ಆರಿಲ್ಲ
ಸೋತ ಕಾಲಿಗೆ ಎಡೆ ಕೊಟ್ಟ ಕುರ್ಚಿಯೆ
ಮಾತಾಡು ನನ್ನ ಕೂಡೊಮ್ಮೆ

ಪದ್ಯ ಓದುವ ಮನೆಯಲ್ಲಿ ಬೆಳೆದ ನನ್ನ ಕಿವಿ ಇಂಥ ಕಡೆ ತಪ್ಪು ಹುಡುಕುತ್ತದೆ, ಸಿಗಲಿಲ್ಲ. ಮೂರು ಸಾಲು, ಎಲ್ಲೂ ಒಂದು ಎಳೆ ಹೆಚ್ಚಿಲ್ಲ. ನೂರಾರು ವರ್ಷ ಸಾವಿರಾರು ಬಾಯಲ್ಲಿ ಉರುಳಿ ನುಣುಪಾದ ಕಲ್ಲಿನಂತಿದೆ.

ಆದರೆ ಅದು ಉರುಳಿದ್ದು ನಾಲ್ಕೇ ದಿನ. ಕೆಲಸ ಕಲಿಸಿದ ತಾಯಿ ತೀರಿಕೊಂಡ ವಾರದಲ್ಲಿ, ಅವರು ಕೂರುತ್ತಿದ್ದ ಕುರ್ಚಿಯ ತಳವನ್ನು ಅಕ್ಕ ಬಿಚ್ಚಿ ಹೊಸದಾಗಿ ಹೆಣೆದರು. “ಒಂದೂವರೆ ದಿನದ ಕೆಲಸ, ನಾಲ್ಕು ದಿನ ಹಿಡೀತು. ಕಣ್ಣೇ ಕಾಣ್ತಿರಲಿಲ್ಲ. ಹಾಡು ಅಲ್ಲೇ ಆಗಿದ್ದು.”

ಆಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಅಂಗಡಿ ಮುಚ್ಚಿ, ಮತ್ತೆ ತೆರೆಯುವವರೆಗೆ ಒಂಬತ್ತು ವರ್ಷ ಅಕ್ಕ ಆಸ್ಪತ್ರೆಯಲ್ಲಿ ನೆಲ ಒರೆಸಿದರು. ಅಲ್ಲಿ ರಾತ್ರಿಪಾಳಿಯ ನರ್ಸ್ ಒಬ್ಬರು ಮೆಟ್ಟಿಲ ಬಳಿ ಈ ಹಾಡು ಕೇಳಿ ನಿಂತುಬಿಟ್ಟರು. ಅವರೇ ಮೊದಲ ಅಭಿಮಾನಿ. “ಔಷಧಿ ಕೊಡೋದು ಹತ್ತು ನಿಮಿಷ ತಡ ಆಯ್ತು, ಬೈಸಿಕೊಂಡೆ. ಪರವಾಗಿಲ್ಲ, ಲಾಭವೇ,” ಎಂದು ನಗುತ್ತಾರೆ ನರ್ಸ್.

ಎರಡನೆಯವರು ಬಸ್ ಡ್ರೈವರ್. ಹಾಡುಗಳನ್ನು ಕಲಿತು ಊರೂರಲ್ಲಿ ಹಾಡುವವರು ಇವರೇ. ಎಡವಟ್ಟು ಮಾಡಿದವರೂ ಇವರೇ. ಹಾಡುವ ಮುನ್ನ “ಇದು ಬಹಳ ಹಳೇದು, ಹಿರಿಯರ ಕಾಲದ್ದು” ಎನ್ನುವುದು ಅವರ ರೂಢಿ. “ಕುರ್ಚಿ ಹೆಣೆಯೋ ಅಕ್ಕ ಕಟ್ಟಿದ್ದು ಅಂದ್ರೆ ಜನ ಎದ್ದು ಟೀ ಕುಡಿಯೋಕೆ ಹೋಗ್ತಾರೆ ಸಾರ್. ಹಳೇದು ಅಂದ್ರೆ ಕಣ್ಣು ಮುಚ್ಚಿ ಕೇಳ್ತಾರೆ. ನಾನು ಹೊಗಳೋಕೇ ಹಾಗಂದಿದ್ದು.”

ಹೊಗಳಿಕೆ ಫಲಿಸಿತು. ಜಾನಪದ ಗೀತೆಗಳ ಸಂಗ್ರಹ ಮಾಡುತ್ತಿರುವ ಸಂಪಾದಕರೊಬ್ಬರು ಕುರ್ಚಿಯ ಹಾಡನ್ನು ಕೇಳಿ ಬರೆದುಕೊಂಡರು. ಪುಸ್ತಕ ಸಾವಿರಾರು ಶಾಲೆಗಳಿಗೆ ಹೋಗಲಿದೆ. ಹಾಡು ಕಟ್ಟಿದ್ದು ಅಕ್ಕ ಎಂದು ಆಮೇಲೆ ತಿಳಿದು, ಈ ಭಾನುವಾರ ಅವರು ಹಾಳೆಯೊಂದನ್ನು ಹಿಡಿದು ಅಂಗಡಿಗೇ ಬಂದಿದ್ದಾರೆ.

ಸಂಪಾದಕರು ಸಜ್ಜನರು. ನೆಲದ ಮೇಲೇ ಕೂತು ವಿಷಯ ಬಿಡಿಸಿ ಹೇಳುತ್ತಾರೆ. ಕಟ್ಟಿದವರು ಗೊತ್ತಿರುವ ಹಾಡಿಗೆ ಈ ಪುಸ್ತಕದಲ್ಲಿ ಜಾಗವಿಲ್ಲ. ಆದರೆ ‘ಈ ಹಾಡನ್ನು ಅಜ್ಜಿಯಿಂದ ಕಲಿತೆ’ ಎಂದು ಅಕ್ಕ ಸಹಿ ಹಾಕಿದರೆ ಹಾಡು ಉಳಿಯುತ್ತದೆ, ಕೆಳಗೆ ‘ಹಾಡಿಕೊಟ್ಟವರು’ ಎಂದು ಅವರ ಹೆಸರೂ ಇರುತ್ತದೆ. ಪುಸ್ತಕ ನಾಳೆ ಅಚ್ಚಿಗೆ.

“ಅಜ್ಜಿಯಿಂದಲಾ?” ಮೂಲೆಯಲ್ಲಿ ಚೌಕಟ್ಟಿಗೆ ಉಪ್ಪುಕಾಗದ ತಿಕ್ಕುತ್ತಿದ್ದ ಅಕ್ಕನ ಯಜಮಾನರು ಕತ್ತೆತ್ತುತ್ತಾರೆ. “ಅವರಜ್ಜಿ ಹಾಡಿದ್ರೆ ತೊಟ್ಟಿಲಲ್ಲಿ ಮಲಗಿದ್ದ ಮಗೂನೂ ಎದ್ದು ಕೂರ್ತಿತ್ತಂತೆ ಸ್ವಾಮಿ.”

“ಅಜ್ಜಿ ವಿಷಯ ನಿಮಗ್ಯಾಕೆ, ಕಾಲು ತಿಕ್ಕಿ,” ಎನ್ನುತ್ತಾರೆ ಅಕ್ಕ.

“ಯಾರ ಕಾಲು?”

“ಕುರ್ಚಿದು!”

ಎಲ್ಲರೂ ನಗುತ್ತಾರೆ. ಡ್ರೈವರ್ ಮಾತ್ರ ನಗುವುದಿಲ್ಲ. “ಅಕ್ಕಾ, ತಪ್ಪು ನಂದು, ಒಪ್ಕೋತೀನಿ. ಆದ್ರೆ ಮಕ್ಕಳ ಬಾಯಿಗೆ ಹೋಗುತ್ತಕ್ಕಾ ಹಾಡು. ನಾವು ಹನ್ನೊಂದು ಜನ ಎಷ್ಟು ದಿನ ಹಾಡ್ತೀವಿ?”

ನರ್ಸ್ ತಲೆಯಾಡಿಸುತ್ತಾರೆ. “ಆ ನಾಲ್ಕು ದಿನ ಯಾರ ಲೆಕ್ಕಕ್ಕೆ ಹಾಕ್ತೀಯಪ್ಪಾ? ಅಜ್ಜಿ ಲೆಕ್ಕಕ್ಕಾ?”

ನಲವತ್ತು ವರ್ಷದಲ್ಲಿ ಅಕ್ಕನ ಒಂದು ಹಾಡೂ ಅಚ್ಚು ಕಂಡಿಲ್ಲ. ಆಸೆ ಇಲ್ಲವೇ ಎಂದು ನಾನು ಕೇಳಿದ್ದೆ. “ಯಾಕಿಲ್ಲ?” ಎಂದಿದ್ದರು. “ನಂಗೇನು ಸನ್ಯಾಸ ಬಂದಿದೆಯಾ? ಹೆಸರು ಬರ್ಲಿ, ದೊಡ್ಡದಾಗೇ ಬರ್ಲಿ. ಚೆನ್ನಾಗಿ ಕಟ್ಟಿದೀನಿ, ನಂಗೆ ಗೊತ್ತು.”

ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆ ತೆಗೆದುಕೊಳ್ಳುತ್ತಾರೆ. ಕನ್ನಡಕ ಹಾಕಿ, ತುಟಿ ಅಲುಗಿಸುತ್ತ, ಒಂದಕ್ಷರ ಬಿಡದೆ ಓದುತ್ತಾರೆ. ಸಂಪಾದಕರು ಪೆನ್ನಿನ ಮುಚ್ಚಳ ತೆಗೆದು ಮುಂದೆ ಚಾಚುತ್ತಾರೆ. ಡ್ರೈವರ್ ಅಕ್ಕನ ಮುಖವನ್ನೇ ನೋಡುತ್ತಿದ್ದಾರೆ.

“ಹಾಡು ಬಿಟ್ಟುಹೋದ್ರೆ ಹೋಗ್ಲಿ ಸಾರ್,” ಎಂದು ಅಕ್ಕ ಹಾಳೆಯನ್ನು ಹಿಂದಕ್ಕೆ ಕೊಡುತ್ತಾರೆ. “ನಾನು ಕಟ್ಟಿದ್ದನ್ನ ನಾನಲ್ಲ ಅನ್ನಲ್ಲ. ಸಹಿ ಹಾಕಲ್ಲ.”