ಪೀರಸಾಬ ಮಡಚಿದ ಪ್ಯಾರಾಚೂಟ್

ಬೈಲಹೊಂಗಲದಲ್ಲಿ ಪ್ಯಾಂಟು ಹೊಲಿಯುವ ಪೀರಸಾಬನ ಅಂಗಡಿಗೆ ಬೋರ್ಡಿಲ್ಲ, ಅವನ ಬಾಯಿಗೆ ಮಾತಿಲ್ಲ. ದೊಡವಾಡದ ಗಂಗಪ್ಪನೆಂಬ ನಾನು ಮಾತಿನಿಂದಲೇ ದೊಡ್ಡವನಾದವನು. ಇಬ್ಬರೂ ಒಂದೇ ದಿನ ವಾಯುಪಡೆ ಸೇರಿ, ಪೈಲಟ್‌ಗಳ ಪ್ಯಾರಾಚೂಟ್ ಮಡಚುತ್ತಿದ್ದೆವು. ಮಡಚಿದವನು ಕೊನೆಗೆ ಚೀಟಿಯ ಮೇಲೆ ಸಹಿ ಹಾಕಬೇಕು.

ಎಪ್ಪತ್ತೊಂದರ ಯುದ್ಧದಲ್ಲೊಂದು ದಿನ ನನಗೆ ಮೈ ಸುಡುವ ಜ್ವರ. ಗಡಿಬಿಡಿಯಲ್ಲಿ ಸಹಿಯನ್ನೇ ಮೊದಲು ಗೀಚಿ ಬೆಂಚಿನ ಮೇಲೆ ಬಿದ್ದುಕೊಂಡೆ. ಎದ್ದು ನೋಡಿದರೆ ನನ್ನ ಪಾಲಿನ ಪ್ಯಾರಾಚೂಟನ್ನು ಪೀರಸಾಬ ಮಡಚಿ ಮುಗಿಸಿದ್ದ.

"ಸುಮ್ನಿರು. ಗೊತ್ತಾದ್ರ ನಿನ್ನ ನೌಕರಿ ಹೋಗತೈತಿ," ಎಂದ.

ಶತ್ರುವಿನ ಎರಡು ವಿಮಾನ ಕೆಡವಿದ್ದ ನಮ್ಮ ಪೈಲಟ್ ಸಾಹೇಬರ ವಿಮಾನಕ್ಕೆ ಮರುದಿನ ಬೆಂಕಿ ಹತ್ತಿತು. ಅವರನ್ನು ಉಳಿಸಿದ್ದು ಅದೇ ಪ್ಯಾರಾಚೂಟ್. ಪೈಲಟ್‌ನನ್ನು ಉಳಿಸಿದವನು ನಾನೇ ಎಂದು ಇಪ್ಪತ್ತೆಂಟು ವರ್ಷ ಊರೂರಲ್ಲಿ ಕೊಚ್ಚಿಕೊಂಡೆ, ಹಾರ ಹಾಕಿಸಿಕೊಂಡೆ. ಎದುರಿಗೆ ಪೀರಸಾಬನಿದ್ದರೂ ನಾಚಿಕೆಯಾಗಲಿಲ್ಲ.

ತೊಂಬತ್ತೊಂಬತ್ತರಲ್ಲಿ ಸಾಹೇಬರು ಸಹಿಯ ಹೆಸರು ಹುಡುಕಿಕೊಂಡು ಮನೆಗೇ ಬಂದರು. ಪ್ಯಾರಾಚೂಟಿನಿಂದ ಬದುಕಿದವನು ಅದನ್ನು ಮಡಚಿದವನಿಗೆ ಒಂದು ಬಾಟಲಿ ಕೊಡುವುದು ರೂಢಿ; ಯುದ್ಧದ ಗಡಿಬಿಡಿಯಲ್ಲಿ ಅದು ಬಾಕಿ ಉಳಿದಿತ್ತು. ನಾವು ಕುಡಿಯುವವರಲ್ಲ ಎಂದು ನಾನು ಮೊದಲೇ ಫೋನಿನಲ್ಲಿ ಹೇಳಿದ್ದರಿಂದ ಬೆಳಗಾವಿಯ ಕುಂದಾ ತಂದಿದ್ದರು. ಜೊತೆಗೆ ಮಗಳ ಮದುವೆಯ ಪತ್ರಿಕೆ. ಯುದ್ಧ ಮುಗಿದ ಮೇಲೆ ಹುಟ್ಟಿದ ಮಗಳು. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅಂಗೈ ಒದ್ದೆಯಾಯಿತು. ಇನ್ನು ತಡೆಯಲಾಗಲಿಲ್ಲ.

"ಆ ಕೈ ಇವಲ್ಲ, ಸಾಹೇಬ್ರ," ಎಂದು ಕುಂದಾದ ಡಬ್ಬಿಯ ಸಮೇತ ಅವರದೇ ಜೀಪಿನಲ್ಲಿ ಬೈಲಹೊಂಗಲಕ್ಕೆ ಕರೆದುಕೊಂಡು ಹೋದೆ.

ಪೀರಸಾಬ ಬಟ್ಟೆ ಕತ್ತರಿಸುತ್ತಿದ್ದ. ಅವನೆದುರೇ ಸಾಹೇಬರಿಗೆ ಎಲ್ಲ ಹೇಳಿದೆ. ಅವನು ನನ್ನನ್ನೇ ಬೈದ: "ಈಗ ಯಾಕ ಹೇಳಿದ್ಯೋ? ನಿನ್ನ ಮರ್ಯಾದಿ ಏನಾಗಬೇಕು?"

ಆಮೇಲೆ ತಲೆ ತಗ್ಗಿಸಿ ನಿಂತ. ಸಾಹೇಬರನ್ನು ತಾನೇ ಕೇಳಬಹುದಿತ್ತು, ಆದರೂ ಸಂಕೋಚಕ್ಕೆ ನನ್ನ ಕಿವಿಯಲ್ಲಿ ಅಂದ: "ಪ್ಯಾರಾಚೂಟ್ ಬಿಚ್ಚೂಮುಂದ ದಾರ ಎಲ್ಲೂ ಸಿಕ್ಕಹಾಕ್ಕೊಂಡಿರಲಿಲ್ಲೇನು, ಕೇಳು. ಇಷ್ಟ ವರ್ಷ ಕೇಳಬೇಕಂತ ಜೀವ ಹೊಡಕೋತಿತ್ತು."

ನನ್ನ ಬಡಾಯಿಯಿಂದಾಗಿ ಆ ಒಂದು ಮಾತನ್ನು ಯಾರಲ್ಲೂ ಕೇಳಲಾಗದೆ ಅವನು ಮುದುಕನಾಗಿದ್ದ. ನಾನು ಕೇಳಿದೆ. ಒಂದೂ ದಾರ ಸಿಕ್ಕಿಹಾಕಿಕೊಂಡಿರಲಿಲ್ಲ, ಒಂದೇ ಏಟಿಗೆ ಬಿಚ್ಚಿಕೊಂಡಿತು ಎಂದು ಸಾಹೇಬರು ಹೇಳಿದರು. ಪೀರಸಾಬ ಕತ್ತರಿ ಕೆಳಗಿಟ್ಟು ಮಗುವಿನಂತೆ ನಕ್ಕ.

ನನ್ನ ನೌಕರಿ, ನನ್ನ ಮಾನ, ಈಗಿನ ನನ್ನ ಪಿಂಚಣಿಯ ಅನ್ನ, ಎಲ್ಲ ಅವನ ಪುಣ್ಯ. ಕುಂದಾದ ಮೊದಲ ತುತ್ತನ್ನು ಸಾಹೇಬರು ಅವನ ಬಾಯಿಗಿಟ್ಟರು. ಎರಡನೆಯದನ್ನು ನಾನು ಇಟ್ಟೆ.