ಕೀಲಿ ಕಾಯ್ದ ನಾಗಮ್ಮ

ಯಾರ ಮನೆಗೆ ಹೋದರೂ ನಾಗಮ್ಮ ಕೂರುವ ಮೊದಲು ಗೋಡೆಗೆ ಅಂಗೈಯಿಂದ ಒಂದು ಏಟು ಹಾಕುತ್ತಿದ್ದಳು. ಸದ್ದು ಕೇಳಿ ತೀರ್ಪು ಕೊಡುವಳು: “ಈ ಗ್ವಾಡಿ ನೀರು ಕುಡದಿಲ್ಲರಿ ಸರ. ಮ್ಯಾಲೆ ಬಣ್ಣ ಹಚ್ಚಿ ಮುಚ್ಯಾರ.” ಹಸಿ ಗಾರೆಗೆ ಸಾಕಷ್ಟು ನೀರುಣಿಸಿ ಗಟ್ಟಿಮಾಡಿಲ್ಲ ಎಂದರ್ಥ.

ಕಲಬುರಗಿ ಜಿಲ್ಲೆಯ ಸೇಡಂ ಕಡೆಯವಳು. ಗಂಡ ತೀರಿದ ಮೇಲೆ ಹೈದರಾಬಾದಿಗೆ ಬಂದು, ಇಟ್ಟಿಗೆ ಹೊರುತ್ತಲೇ ಗಾರೆ ಕೆಲಸ ಕಲಿತು ಗೌಂಡಿಯಾದವಳು. ಗಂಡಸರು ನಕ್ಕರೆ ಗಾರೆ ಹಚ್ಚುವ ಕರಣಿ ಎತ್ತಿ ತೋರಿಸಿ, “ಇದಕ್ಕ ಗಂಡು ಹೆಣ್ಣು ಗೊತ್ತಾಗಂಗಿಲ್ಲ” ಎನ್ನುತ್ತಿದ್ದಳು.

ಸನತ್‌ನಗರದ ಕಾರ್ಖಾನೆಗಳ ಹಿಂದೆ ತಗಡಿನ ಮನೆಗಳ ಗಲ್ಲಿಯಲ್ಲಿ ಅವಳ ವಾಸ. ಗಲ್ಲಿಯ ತುದಿಯ ಪಕ್ಕಾ ಮನೆಯ ಮೇಲಂತಸ್ತಿನಲ್ಲಿ ನಾನು ಬಾಡಿಗೆಗಿದ್ದೆ. ಕಲಬುರಗಿಯವನೆಂದು ಗೊತ್ತಾದ ದಿನದಿಂದ ನಾನು ಅವಳಿಗೆ ಊರಿನವನೇ.

ಲಾಕ್‌ಡೌನ್ ಬಂದಾಗ ಗಲ್ಲಿಯ ಎರಡೂ ಬಾಯಿಗೆ ಬೊಂಬು ಕಟ್ಟಿದರು. ಬಸ್ಸಿಲ್ಲ, ರೈಲಿಲ್ಲ. ಅರ್ಧ ಗಲ್ಲಿ ಹೇಗೋ ನುಸುಳಿಕೊಂಡು ನಡೆದೇ ಊರ ದಾರಿ ಹಿಡಿಯಿತು. ಕಟ್ಟಡದ ಸಾರವೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ ನಾಗಮ್ಮ ಉಳಿದಳು. ಹೋದವರೆಲ್ಲ ತಮ್ಮ ಮನೆಯ ಕೀಲಿಕೈ ಅವಳಿಗೆ ಕೊಟ್ಟು ಹೋದರು. ಅವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಒಳಗೆ ಕೂತರೆ ತಗಡು ಸುಡುತ್ತಿತ್ತು, ಹೊರಗೆ ಕೂತರೆ ಪೊಲೀಸರು ಗದರುತ್ತಿದ್ದರು. ಅವಳು ದಿನವಿಡೀ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. “ನಾ ಈಗ ಒಳಗೂ ಇಲ್ಲ, ಹೊರಗೂ ಇಲ್ಲರಿ” ಎಂದು ಒಮ್ಮೆ ನಕ್ಕಳು. ಕಿಟಕಿಯಲ್ಲಿ ನಿಂತಿದ್ದ ನನಗೆ ನಗು ಬರಲಿಲ್ಲ.

ಆ ದಿನಗಳಲ್ಲೇ ಅಧಿಕಾರಿಯೊಬ್ಬರು ಫೋನಿನಲ್ಲಿ ಸಭೆ ಕರೆದರು. ತಗಡಿನ ಮನೆ ಕೆಡವಿ ಅಲ್ಲೇ ಬಡವರಿಗೆ ಎರಡು ಕೋಣೆಯ ಮನೆ ಕಟ್ಟುವ ಯೋಜನೆ. ಹೇಗೂ ಅರ್ಧ ಖಾಲಿ ಇದೆ, ಈಗ ಇರುವವರ ಹೆಸರು ಬರೆದುಕೊಂಡು ತಕ್ಷಣ ಶುರುಮಾಡೋಣ ಎಂಬುದು ಅವರ ಮಾತು. ನನ್ನ ಮೆಟ್ಟಿಲ ಕೆಳಗೆ, ಮೂಗು ಬಾಯಿ ಮುಚ್ಚಿಕೊಂಡು, ಹತ್ತು ಜನ ನನ್ನ ಫೋನಿನ ಸುತ್ತ ನಿಂತರು.

ನಾಗಮ್ಮನ ಪಕ್ಕದ ಮನೆಯ ಲಕ್ಷ್ಮಿ ತೆಲುಗಿನಲ್ಲಿ ಒಪ್ಪಿಗೆ ಕೂಗಿದಳು. ಪ್ರತಿ ಮಳೆಗೂ ಮೋರಿ ನೀರಿನಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತವಳು ಅವಳು.

ನಾಗಮ್ಮ ನನ್ನ ತೋಳು ಹಿಡಿದಳು. “ಖಾಲಿ ಅಲ್ಲರಿ ಸರ, ಕೀಲಿ ಹಾಕ್ಯಾರ. ಹೋದೋರು ಬರೂತನಕ ಪಟ್ಟಿ ಬರೀಬ್ಯಾಡ್ರಿ ಅಂತ ಹೇಳ್ರಿ ಅವ್ರಿಗೆ.”

ಲಕ್ಷ್ಮಿ ಅವಳತ್ತ ತಿರುಗಿದಳು. “ಹುಚ್ಚೀ, ಈಗ ಬರೆದರೆ ನಿನ್ನ ಹೆಸರೂ ಬರುತ್ತೆ. ಆಮೇಲೆ ಇಲ್ಲಿಯ ರೇಷನ್ ಕಾರ್ಡು ಕೇಳುತ್ತಾರೆ. ನಿನ್ನದು ಊರಲ್ಲಿದೆ!”

ನಿಜ. ನಾನೂ ತಡೆದೆ. “ನಾಗಮ್ಮ, ಯೋಚನೆ ಮಾಡು.”

“ಮಾಡೀನ್ರಿ,” ಎಂದು ಸೆರಗಿನ ಗಂಟು ಮುಟ್ಟಿದಳು. “ಈ ಕೀಲಿ ಕೊಟ್ಟೋರು ಬಂದು ಮನಿ ಎಲ್ಲೈತಿ ಅಂದ್ರ ಏನು ಹೇಳ್ಲಿ? ನೀವು ಹೇಳ್ರಿ, ಇಲ್ಲಾಂದ್ರ ನನಗ ಬಂದಷ್ಟು ತೆಲುಗಿನ್ಯಾಗ ನಾನೇ ಹೇಳ್ತೀನಿ.”

ನಾನು ಹೇಳಿದೆ. ಹೋದವರ ಮನೆ ಎಷ್ಟೆಂದು ಆಚೆಯಿಂದ ಕೇಳಿದರು. ಆಮೇಲೆ ಅಧಿಕಾರಿ, ಜನ ಮರಳುವವರೆಗೆ ಕಾಯೋಣ ಎಂದರು. ಲಕ್ಷ್ಮಿ ತಿಂಗಳುಗಟ್ಟಲೆ ನಾಗಮ್ಮನ ಜೊತೆ ಮಾತಾಡಲಿಲ್ಲ. ಆ ಮಳೆಗಾಲವೂ ನೀರು ನುಗ್ಗಿತು. ನಾಗಮ್ಮ ಕುಂಟುತ್ತಲೇ ಹೋಗಿ ಅವಳ ಬಾಗಿಲಿಗೆ ಸಿಮೆಂಟಿನ ಕಟ್ಟೆ ಕಟ್ಟಿಕೊಟ್ಟಳು. ಅರ್ಧ ನೀರು ಹೊರಗೇ ಉಳಿಯಿತು.

ಜನ ಮರಳಿದರು, ಪಟ್ಟಿಯಾಯಿತು, ವರ್ಷಗಳ ಮೇಲೆ ಮನೆಗಳೂ ಎದ್ದವು. ಲಕ್ಷ್ಮಿಗೆ ಸಿಕ್ಕಿತು, ಕೀಲಿಕೈ ಕೊಟ್ಟು ಹೋಗಿದ್ದವರಲ್ಲಿ ಇಲ್ಲಿಯ ರೇಷನ್ ಕಾರ್ಡಿದ್ದ ಬಹುಪಾಲು ಜನರಿಗೂ ಸಿಕ್ಕಿತು. ಆ ಗೋಡೆಗಳಿಗೆ ಗಾರೆ ಹಚ್ಚಿದ ನಾಗಮ್ಮನ ಹೆಸರು ಮಾತ್ರ, ಕಾರ್ಡಿಲ್ಲದೆ, ಬರಲಿಲ್ಲ. ಅವಳು ಅಳಲಿಲ್ಲ. ಆದರೆ ಎರಡು ದಿನ ಕೆಲಸಕ್ಕೂ ಹೋಗಲಿಲ್ಲ.

ನಾಗಮ್ಮ ಗಂಟುಮೂಟೆ ಕಟ್ಟಿ ಶಂಶಾಬಾದಿನ ಹೊಸ ಕಟ್ಟಡವೊಂದರ ಕೆಲಸಕ್ಕೆ ಹೊರಟ ದಿನ ಲಕ್ಷ್ಮಿ ಮೂರು ಮಹಡಿ ಇಳಿದು ಓಡಿ ಬಂದು, ಬಿಸಿ ಪುಳಿಯೋಗರೆ ತುಂಬಿದ ಸ್ಟೀಲ್ ಡಬ್ಬಿ ಕೈಗಿತ್ತಳು.

“ಡಬ್ಬಿ ವಾಪಸ್ ಕೊಡಾಕ ಬರಬೇಕಾಕೈತಲ್ಲ!” ಎಂದಳು ನಾಗಮ್ಮ.

“ಅಂದುಕೇ ಇಚ್ಚಿನ,” ಎಂದಳು ಲಕ್ಷ್ಮಿ. ಅದಕ್ಕೇ ಕೊಟ್ಟಿದ್ದು.

ಆಟೋ ತಿರುಗಿತು. ನಾಗಮ್ಮ ಮತ್ತೆ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗಲೆಲ್ಲ ಲಕ್ಷ್ಮಿ ಕೇಳುತ್ತಾಳೆ, ನಾಗಮ್ಮ ಫೋನ್ ಮಾಡಿದ್ದಳಾ ಎಂದು. ನನ್ನ ಬಳಿ ಇರುವ ನಂಬರು ಬಂದ್ ಆಗಿದೆಯೆಂದು ಅವಳಿಗೆ ಇನ್ನೂ ಹೇಳಿಲ್ಲ.