ಅಕ್ಕೋರು ಕೊಟ್ಟ ಗೋಳಿ

ಶಾಲೆಯಿಂದ ಫೋನ್ ಬಂದಾಗ ನಾನು ಅಂಕೋಲೆಯ ಮಾರ್ಕೆಟ್‌ನಲ್ಲಿ ಬಂಗಡೆ ಮಾರುತ್ತ ಕೂತಿದ್ದೆ. ಮಗಳು ತನ್ವಿಗೆ ಜ್ವರ, ತಲೆನೋವು. ಒಮ್ಮೆ ವಾಂತಿಯೂ ಆಗಿತ್ತು.

ಓಡಿದೆ. ಶಾಲೆಯ ನರ್ಸ್ ಅವಳನ್ನು ಮಲಗಿಸಿ ಹಣೆಗೆ ಒದ್ದೆ ಬಟ್ಟೆ ಹಾಕಿದ್ದರು.

“ಗುಳಿಗೆ ಎಂತದೂ ಕೊಡ್ಲಿಲ್ಲ. ನಮ್ಗೆ ಕೊಡೂಕೆ ಪರ್ಮಿಶನ್ ಇಲ್ಲ. ಉಪ್ಪು-ಸಕ್ರೆ ನೀರು ಕುಡ್ಸಿದೆ,” ಅಂದರು.

ಗುಳಿಗೆ ಕೊಡದ ನರ್ಸ್ ಯಾತಕ್ಕೆ? ಕೆಲಸ ತಪ್ಪಿಸುವ ನೆಪ ಅಂದುಕೊಂಡೆ. ನಾನು ಮೊದಲೇ ಅನುಮಾನದ ಪ್ರಾಣಿ. ಗಿರಾಕಿಗಳು ಮೀನಿನ ಕಿವಿರು ಎತ್ತಿ ನೋಡುವ ಹಾಗೆ ನಾನು ಮನುಷ್ಯರನ್ನು ನೋಡುತ್ತೇನೆ.

ರಿಕ್ಷಾ ಹತ್ತಿದ ಮೇಲೆ ತನ್ವಿ ಮೆಲ್ಲಗೆ ಅಂದಳು: “ಆಯಿ, ಅಕ್ಕೋರಾನಿ ಗೋಳಿ ದಿಲಿ.”

ನಮ್ಮ ಮನೆಮಾತು ಕೊಂಕಣಿ. ಅಕ್ಕೋರು, ಅಂದರೆ ನರ್ಸ್, ಗೋಳಿ, ಅಂದರೆ ಗುಳಿಗೆ, ಕೊಟ್ಟರಂತೆ.



ಹಿಂದೊಮ್ಮೆ ಜ್ವರದ ಒಂದು ಗುಳಿಗೆ ನುಂಗಿ ಅವಳ ಮುಖವೆಲ್ಲ ಊದಿ ಉಸಿರೇ ಕಟ್ಟಿತ್ತು. ಈಗಲೂ ಮುಖ ಕೆಂಪಾಗಿತ್ತು. ಆಗ ಅವಳನ್ನು ಉಳಿಸಿದ ಕಾರವಾರದ ಆಸ್ಪತ್ರೆಗೇ ಸೀದಾ ರಿಕ್ಷಾ ಬಿಡಿಸಿದೆ.

“ಯಾವ ಟ್ಯಾಬ್ಲೆಟ್? ಅದು ಗೊತ್ತಾಗ್ಬೇಕು,” ಎಂದರು ಡಾಕ್ಟರ್. ನರ್ಸ್‌ಗೆ ಫೋನ್ ಹಚ್ಚಿದೆ.

“ದೇವ್ರಾಣೆ ನಾ ಗುಳಿಗೆ ಕೊಡ್ಲಿಲ್ಲ!”

“ಹಂಗಾರೆ ಹುಡ್ಗಿ ಸುಳ್ಳು ಹೇಳ್ತದ್ಯಾ? ಅದಕ್ಕೆ ಏನಾದ್ರೂ ಆದ್ರೆ ನಿಮ್ಮನ್ನ ಬಿಡುದಿಲ್ಲ!”

ಆ ಕಡೆ ಅಳು ಕೇಳಿಸಿತು. ಸಿಕ್ಕಿಬಿದ್ದವರ ಅಳು ಅಂದುಕೊಂಡೆ.

ಡಾಕ್ಟರ್ ತನ್ವಿಯನ್ನೇ ಕೇಳಿದರು. “ನೀರಿನ ಜೊತೆ ನುಂಗಿದ್ಯಾ ಪುಟ್ಟಿ?”

“ಇಲ್ಲ, ಚೀಪ್ದೆ. ವಾಂತಿಯಾಗಿ ಬಾಯಿ ಕಹಿ ಆಗಿತ್ತಲ್ಲ, ಅದ್ಕೆ ಕೊಟ್ರು.”

ಪೆಪ್ಪರ್‌ಮಿಂಟ್.

ನಮ್ಮಲ್ಲಿ ನುಂಗುವುದೂ ಗೋಳಿ, ಚೀಪುವುದೂ ಗೋಳಿ. ನರ್ಸ್ ಸುಂಕಸಾಳದ ಕಡೆಯವರು, ಕನ್ನಡದವರು. ಗುಳಿಗೆ ಗುಳಿಗೆ ಎಂದು ನಾನು ಕೂಗುವಾಗ ಪೆಪ್ಪರ್‌ಮಿಂಟಿನ ನೆನಪು ಅವರಿಗೆ ಬರಬೇಕಾದರೂ ಎಲ್ಲಿಂದ?

ಬ್ಲಡ್ ಟೆಸ್ಟ್‌ನಲ್ಲಿ ಡೆಂಗ್ಯೂ ಬಂತು. ಮುಖ ಕೆಂಪಾದದ್ದು ಅದರಿಂದಲೇ. ಈ ಜ್ವರಕ್ಕೆ ಸಿಕ್ಕಸಿಕ್ಕ ನೋವಿನ ಮಾತ್ರೆ ಕೊಟ್ಟರೆ ರಕ್ತಸ್ರಾವದ ಭಯವಿದೆ, ಶಾಲೆಯಲ್ಲಿ ಕೊಡದೇ ಇದ್ದದ್ದು ಒಳ್ಳೆಯದಾಯಿತು ಎಂದರು ಡಾಕ್ಟರ್. ನನಗೆ ನಾಚಿಕೆಯಾಯಿತು. ಅಡ್ಮಿಟ್ ಮಾಡಿದರು. ಪ್ಲೇಟ್‌ಲೆಟ್ ಇಳಿಯಿತು, ಮತ್ತೆ ಏರಿತು. ಏರುವವರೆಗೆ ಡ್ರಿಪ್ ಹಾಕುವವರ ಕೈಯನ್ನೂ ನಾನು ನಂಬಲಿಲ್ಲ.

ಈಗ ತನ್ವಿ ಶಾಲೆಗೆ ಹೋಗುತ್ತಿದ್ದಾಳೆ. ನರ್ಸ್ ಹತ್ತಿರ ಗೋಳಿಯ ಕತೆ ಹೇಳಿ ತಪ್ಪಾಯಿತು ಅಂದೆ. ಅವರು ನಕ್ಕರು.

ನಿನ್ನೆ ಶಾಲೆ ಬಿಡುವ ಮುಂಚೆ ಅವರದೇ ಫೋನ್.

“ತನ್ವಿಗೆ ಸ್ವಲ್ಪ ಕೆಮ್ಮು. ಗೋಳಿ ಕೊಡ್ಲಾ? ಚೀಪೂದು.”

“ಕೊಡಿ ಅಕ್ಕೋರೆ,” ಅಂದೆ. ಆಮೇಲೆ ಗೇಟಿನ ಹತ್ತಿರ ಹೋಗಿ ನಿಂತೆ. ಮಗಳು ಬಂದ ಕೂಡಲೇ ಬಾಯಿ ತೆರೆಸಿ ಮೂಸಿ ನೋಡಿದೆ.

ಪೆಪ್ಪರ್‌ಮಿಂಟೇ.